ಅತ್ತೆ ಕೇಳಿಸಿದ ಮನ್ಸೂರರು

ಮೈಸೂರಿನಲ್ಲಿ ವೀಣೆಯ ಪಾಠ ಕೇಳುತ್ತ ಬೆಳೆದ ನನಗೆ ಹಿಂದೂಸ್ತಾನಿ ಸಂಗೀತ ಒಗ್ಗಿರಲಿಲ್ಲ. ಮದುವೆಯಾಗಿ ಧಾರವಾಡಕ್ಕೆ ಬಂದೆ. ಅಲ್ಲಿ ಅತ್ತೆ ಬೆಳಿಗ್ಗೆ ಜೋಳದ ರೊಟ್ಟಿ ಬಡಿಯುವಾಗ ಟೇಪ್‌ರೆಕಾರ್ಡರಿನಲ್ಲಿ ಮಲ್ಲಿಕಾರ್ಜುನ ಮನ್ಸೂರರು ಹಾಡುತ್ತಿರಲೇಬೇಕು. 1992ರಲ್ಲಿ ಅವರು ತೀರಿಕೊಂಡ ದಿನ ನಮ್ಮ ಮನೆಯಲ್ಲಿ ಒಲೆಯೇ ಹೊತ್ತಿರಲಿಲ್ಲವಂತೆ.

ಮನ್ಸೂರರ ಗಾಯನ ಪರಂಪರೆಯಾದ ಜೈಪುರ-ಅತ್ರೌಲಿ ಘರಾನೆಯ ಅಪರೂಪದ ರಾಗಗಳ ಹೆಸರು ಅತ್ತೆಗೆ ಗೊತ್ತಿರಲಿಲ್ಲ. ಆದರೆ ವಚನವೊಂದರಲ್ಲಿ ಸ್ವರ ಮೇಲೇರಿ ಹೊರಳುವ ಕಡೆ ಕೈ ನಿಂತುಬಿಡುತ್ತಿತ್ತು. ಹಿಟ್ಟು ಹತ್ತಿದ ಬೆರಳೆತ್ತಿ, "ಈ ಜಾಗ ಕೇಳವ್ವ" ಎನ್ನುತ್ತಿದ್ದರು. ಹಂಚಿನ ಮೇಲಿನ ರೊಟ್ಟಿ ಸೀದರೂ ಸರಿಯೇ! ನನ್ನ ಕಿವಿ ತೆರೆದದ್ದು ಆ ಬೆರಳಿನಿಂದ, ಯಾವ ಗುರುವಿನಿಂದಲೂ ಅಲ್ಲ.

ಅತ್ತೆ ಹೋಗಿ ಮೂರು ವರ್ಷವಾಯಿತು. ಈಗ ಮೊಬೈಲಿನಲ್ಲಿ ಅದೇ ವಚನ ಹಚ್ಚಿಕೊಂಡು ನಾನು ರೊಟ್ಟಿ ಬಡಿಯುತ್ತೇನೆ. ಆ ಜಾಗ ಬಂದಾಗ ಕೈ ತಾನಾಗಿಯೇ ನಿಲ್ಲುತ್ತದೆ.