ಅಪ್‌ಗ್ರೇಡ್ ಆದ್ಮೇಲೆ ಟ್ರ್ಯಾಕ್‌ಪ್ಯಾಡ್ ಕೈಕೊಟ್ರೆ ಮೊದಲು ಬ್ಯಾಕಪ್ ಡಿಸ್ಕ್ ಎಲ್ಲಿದೆ ನೋಡಿ

ನಾನಿರೋದು ಒಂದು ಕನ್ನಡ ದಿನಪತ್ರಿಕೆಯ ಸಿಸ್ಟಮ್ಸ್ ಸೆಕ್ಷನ್‌ನಲ್ಲಿ. ಪುಟ ಮಾಡೋ ಮ್ಯಾಕ್ ಮಿನಿಗಳನ್ನೆಲ್ಲ (ಆಪಲ್‌ನ ಪುಟ್ಟ ಡೆಸ್ಕ್‌ಟಾಪ್ ಕಂಪ್ಯೂಟರ್) ಮಾಂಟೆರೆ ಅನ್ನೋ ಹಳೇ ಮ್ಯಾಕ್ ಓಎಸ್‌ನಿಂದ ಸೊನೋಮಾ ಅನ್ನೋ ಹೊಸದಕ್ಕೆ ಏರಿಸಿದ್ಮೇಲೆ ಒಂದು ಟ್ರ್ಯಾಕ್‌ಪ್ಯಾಡ್ ನಮ್ಮ ಪ್ರಾಣ ಹಿಂಡಿಬಿಡ್ತು. ಬೇರೆ ಆಫೀಸಲ್ಲಿರೋ ಗೆಳೆಯರೂ ಇದೇ ಕಥೆ ಹೇಳ್ತಾರೆ, ಎಲ್ಲರೂ ಹೊಸ ಓಎಸ್‌ಗೆ ಬೈದು, ಹೊಸ ಟ್ರ್ಯಾಕ್‌ಪ್ಯಾಡ್ ತರಿಸಿ, ಅದರಲ್ಲೂ ಅದೇ ತೊಂದರೆ ನೋಡಿ ಕೈಚೆಲ್ಲಿ ಕೂತಿದ್ದಾರೆ. ಅದಕ್ಕೇ ಬರೀತಿದೀನಿ.

ನಮ್ಮಲ್ಲಿ ಹೆಚ್ಚಿನ ಡಿಸೈನರ್‌ಗಳು ವೈರ್ ಮೌಸ್‌ನವರು. ಮುಖಪುಟ ಮಾಡೋ ಅಕ್ಕ ಮಾತ್ರ ಮ್ಯಾಜಿಕ್ ಟ್ರ್ಯಾಕ್‌ಪ್ಯಾಡ್ ಬಳಸ್ತಾರೆ, ಅಂದ್ರೆ ಮೌಸ್ ಬದಲು ಬೆರಳಾಡಿಸೋ ಆಪಲ್‌ನ ಬ್ಲೂಟೂತ್ ಪ್ಯಾಡ್. ಅದು ಶೋಕಿಗಲ್ಲ. ವರ್ಷಗಟ್ಟಲೆ ಮೌಸ್ ಹಿಡಿದು ಮಣಿಕಟ್ಟು ನೋವು ಬಂದು, ರಾತ್ರಿ ನಿದ್ದೇನೇ ಬರ್ತಿಲ್ಲ ಅನ್ನೋ ಮಟ್ಟಕ್ಕೆ ಹೋದ್ಮೇಲೆ ಬದಲಾಯಿಸಿಕೊಂಡಿದ್ದು. ಅವರಿಗೆ "ಸದ್ಯಕ್ಕೆ ಮೌಸಲ್ಲಿ ಮಾಡಿ ಅಕ್ಕ" ಅನ್ನೋದು ಸುಲಭ, ಆದ್ರೆ ಆ ಕೈ ನೋವು ತಿನ್ನೋರು ಅವರು.

ಅಪ್‌ಗ್ರೇಡ್ ಮಾಡಿದ್ದು ಹಬ್ಬದ ರಜೆ ದಿನ, ಮಾರನೇ ದಿನ ಪೇಪರ್ ಇಲ್ಲ ಅನ್ನೋ ಧೈರ್ಯದಲ್ಲಿ. ಅದಕ್ಕೂ ಮುಂಚೆ ಪ್ರತಿ ಮಷಿನ್‌ಗೂ ಒಂದೊಂದು ಯುಎಸ್‌ಬಿ ಎಸ್‌ಎಸ್‌ಡಿ ಡಿಸ್ಕ್ ಹಾಕಿ, ಮ್ಯಾಕ್ ಜೊತೆಗೇ ಬರೋ ಟೈಮ್ ಮಷಿನ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಬ್ಯಾಕಪ್ ತಗೊಂಡ್ವಿ. ಎಲ್ಲ ಚೆನ್ನಾಗೇ ಆಯ್ತು. ಪುಟ ಕಟ್ಟೋ ಇನ್‌ಡಿಸೈನ್ ತೆರೀತು, ಫಾಂಟ್ ಒಡೀಲಿಲ್ಲ, ಹಳೇ ಪುಟಗಳ ಒತ್ತಕ್ಷರ ಎಲ್ಲ ಸರಿಯಾಗಿ ಕೂತಿತ್ತು, ನಮಗೆ ಭಯ ಇದ್ದದ್ದೇ ಅದು. ಬ್ಯಾಕಪ್ ಡಿಸ್ಕುಗಳನ್ನ ಹಾಗೇ ಬಿಡಿ, ಇನ್ನು ಮುಂದೆ ದಿನಾ ಬ್ಯಾಕಪ್ ಆಗ್ತಾ ಇರ್ಲಿ ಅಂತ ಮೇಲಿಂದ ಸೂಚನೆ ಬಂತು. ಒಳ್ಳೇ ಸೂಚನೇನೇ. ಡಿಸ್ಕಿನ ಜೊತೆ ಬಂದ ಕೇಬಲ್ ಗೇಣುದ್ದನೂ ಇರ್ಲಿಲ್ಲ, ಹಾಗಾಗಿ ಎಲ್ಲರ ಡಿಸ್ಕೂ ಮಿನಿಯ ನೆತ್ತಿ ಮೇಲೆ ಕೂತ್ಕೊಂತು.

ತೊಂದರೆ ಶುರುವಾಗಿದ್ದು ಆಮೇಲೆ. ಅಕ್ಕನ ಕರ್ಸರ್ ಚೆನ್ನಾಗಿ ಓಡ್ತಾ ಓಡ್ತಾ ತಟ್ಟಂತ ನಿಲ್ಲೋದು, ಒಂದು ಕ್ಷಣ ಬಿಟ್ಟು ಸ್ಕ್ರೀನಿನ ಇನ್ನೊಂದು ಮೂಲೇಲಿ ಕಾಣಿಸ್ಕೊಳ್ಳೋದು. ಸ್ವಲ್ಪ ಹೊತ್ತಿಗೆ ತಾನೇ ಸರಿ ಹೋಗೋದು. ನಾವು ಹೋಗಿ ನೋಡೋ ಹೊತ್ತಿಗೆ ಬೆಣ್ಣೆ ಥರ ಓಡ್ತಿರೋದು. ಪೇರಿಂಗ್ ತೆಗೆದು ಮತ್ತೆ ಪೇರ್ ಮಾಡಿದ್ವಿ, ಟರ್ಮಿನಲ್‌ನಲ್ಲಿ ಕಮ್ಯಾಂಡ್ ಕೊಟ್ಟು ಬ್ಲೂಟೂತ್ ನಡೆಸೋ ಬ್ಲೂಟೂತ್‌ಡಿ ಪ್ರೋಗ್ರಾಂ ಕಿಲ್ ಮಾಡಿದ್ವಿ, ಬ್ಲೂಟೂತ್‌ನ ಸೆಟ್ಟಿಂಗ್ ಫೈಲು ಪಿಲಿಸ್ಟ್ ಅಳಿಸಿ ರೀಸ್ಟಾರ್ಟ್ ಮಾಡಿದ್ವಿ. ಮೊದಲೆಲ್ಲ ಶಿಫ್ಟ್ ಆಪ್ಷನ್ ಒತ್ತಿ ಮೆನುಬಾರ್‌ನ ಬ್ಲೂಟೂತ್ ಐಕಾನ್ ಕ್ಲಿಕ್ ಮಾಡಿದ್ರೆ ಮಾಡ್ಯೂಲ್ ರೀಸೆಟ್ ಅನ್ನೋದು ಬರ್ತಿತ್ತು, ಮಾಂಟೆರೆ ಬಂದಾಗಲೇ ಅದನ್ನ ತೆಗೆದುಹಾಕಿದ್ದಾರೆ, ನಮ್ಮಂಥೋರಿಗೆ ಅದೊಂದು ನಷ್ಟ. ಸಿಸ್ಟಮ್ ರಿಪೋರ್ಟ್‌ನಲ್ಲಿ ಆರ್‌ಎಸ್‌ಎಸ್‌ಐ, ಅಂದ್ರೆ ಸಿಗ್ನಲ್ ಎಷ್ಟು ಗಟ್ಟಿ ಅನ್ನೋ ಅಳತೆ, ನೋಡಿದ್ರೆ ಸಿಗ್ನಲ್ ಭರ್ಜರಿಯಾಗಿದೆ. ಬ್ಯಾಟರಿ ತುಂಬಿದೆ. ಟಿಕೆಟ್‌ನಲ್ಲಿ "ಅಪ್‌ಗ್ರೇಡ್ ನಂತರದ ಬ್ಲೂಟೂತ್ ಸಮಸ್ಯೆ, ಮುಂದಿನ ಅಪ್‌ಡೇಟ್‌ಗೆ ಕಾಯಬೇಕು" ಅಂತ ಬರೆದು ಬಿಟ್ವಿ.

ಆಮೇಲೆ ಬಂತು ಆ ರಾತ್ರಿ. ಜಿಲ್ಲಾ ಎಡಿಷನ್‌ಗಳೆಲ್ಲ ಹೋಗಿದ್ವು, ಸಿಟಿ ಮುಖಪುಟ ಒಂದೇ ಬಾಕಿ. ಕೊನೇ ಗಳಿಗೇಲಿ ಒಂದು ದೊಡ್ಡ ಸುದ್ದಿ ಬಂದು ಲೀಡ್, ಅಂದ್ರೆ ಪುಟದ ಮುಖ್ಯ ಸುದ್ದಿ, ಬದಲಾಯ್ತು. ಅಕ್ಕ ಹಳೇ ಲೀಡ್ ಫೋಟೋ ಕೆಳಗಿಳಿಸ್ತಿದ್ರು, ಡ್ರ್ಯಾಗ್ ಮಧ್ಯದಲ್ಲಿ ಟ್ರ್ಯಾಕ್‌ಪ್ಯಾಡ್ ಕೈಕೊಡ್ತು. ಕೆಟ್ಟದ್ದು ಏನಂದ್ರೆ ಬೆರಳು ಎತ್ತಿದ ಸಂದೇಶ ಮಿನಿಗೆ ತಲುಪಿಲ್ಲ, ಮಿನಿ ಲೆಕ್ಕದಲ್ಲಿ ಬೆರಳು ಇನ್ನೂ ಒತ್ತಿಕೊಂಡೇ ಇದೆ. ಸಂಪರ್ಕ ವಾಪಸ್ ಬಂದ ತಕ್ಷಣ ಫೋಟೋ ಫ್ರೇಮ್ ಕರ್ಸರ್ ಹಿಂದೇನೇ ಓಡ್ತು. ಅನ್‌ಡೂ (undo) ಕೊಟ್ಟು ಮತ್ತೆ ಹಿಡಿಯೋಕೆ ಹೋದ್ರೆ ಈ ಸಲ ಕರ್ಸರ್ ಹಾರಿ ಬಿದ್ದಿದ್ದು ಕೆಳಗಿನ ಜಾಹೀರಾತಿನ ಮೇಲೆ, ಜಾಹೀರಾತು ಕೂದಲೆಳೆಯಷ್ಟು ಜರುಗ್ತು. ಪುಣ್ಯಕ್ಕೆ ಅಕ್ಕನ ಕಣ್ಣಿಗೆ ಬಿತ್ತು. ಬೇರೆ ಯಾರೇ ಆಗಿದ್ರೂ ಅದು ಹಾಗೇ ಅಚ್ಚಿನ ಪ್ಲೇಟ್‌ಗೆ ಹೋಗ್ತಿತ್ತು, ಮಾರನೇ ದಿನ ಜಾಹೀರಾತು ವಿಭಾಗದವರು ಆರ್‌ಒ (ಜಾಹೀರಾತಿನ ಆರ್ಡರ್ ಪತ್ರ) ಹಿಡ್ಕೊಂಡು ಬಂದು ನಿಲ್ತಿದ್ರು.

ಅಚ್ಚಿನ ಪ್ಲೇಟ್ ಮಾಡೋ ಸಿಟಿಪಿ ವಿಭಾಗದಿಂದ ಫೋನ್ ಮೇಲೆ ಫೋನ್. ಚೀಫ್ ಸಬ್ ಎಡಿಟರ್ ಬಂದು ಹಿಂದೆ ನಿಂತ್ರು, ಏನೂ ಮಾತಾಡ್ಲಿಲ್ಲ, ಗಡಿಯಾರ ನೋಡ್ತಾ ನಿಂತಿದ್ರು ಅಷ್ಟೇ. ಬೈದಿದ್ರೇ ವಾಸಿ ಅನ್ನಿಸ್ತಿತ್ತು. ಎರಡನೇ ತಲೆಮಾರಿನ ಮ್ಯಾಜಿಕ್ ಟ್ರ್ಯಾಕ್‌ಪ್ಯಾಡ್, ಅಂದ್ರೆ 2015ರಿಂದ 2024ರವರೆಗೆ ಬರ್ತಿದ್ದದ್ದು, ಲೈಟ್ನಿಂಗ್ ಕೇಬಲ್ ಹಾಕಿದ್ರೆ ಬ್ಲೂಟೂತ್ ಇಲ್ದೇನೇ ಕೆಲಸ ಮಾಡುತ್ತೆ. ಅದು ಗೊತ್ತಿತ್ತು, ಡೆಸ್ಕ್ ಮೇಲೆ ಯಾರದೋ ಫೋನ್ ಚಾರ್ಜರ್ ಕೇಬಲ್ ಇತ್ತು, ತಗೊಂಡು ಚುಚ್ಚಿದ್ವಿ, ಬ್ಲೂಟೂತ್ ಆಫ್ ಮಾಡಿದ್ವಿ. ಕರ್ಸರ್ ಸತ್ತುಹೋಯ್ತು, ಅಲ್ಲಾಡ್ಲೇ ಇಲ್ಲ. ಆ ಕ್ಷಣ ಎಲ್ಲರಿಗೂ ಅನ್ನಿಸಿದ್ದು ಟ್ರ್ಯಾಕ್‌ಪ್ಯಾಡೇ ಹೋಯ್ತು ಅಂತ. ನಮ್ಮ ಜೂನಿಯರ್ ಹುಡುಗ ಓಡಿ ಸ್ಟೋರಿಂದ ಬಾಕ್ಸಿನ ಜೊತೆ ಬಂದಿದ್ದ ಒರಿಜಿನಲ್ ಕೇಬಲ್ ತಂದ. ಹಾಕಿದ ತಕ್ಷಣ ಕರ್ಸರ್ ಬಂತು. ಮೊದಲಿನ ಕೇಬಲ್ ಬರೀ ಚಾರ್ಜಿಂಗ್‌ದು, ಅದರೊಳಗೆ ಡೇಟಾ ತಂತೀನೇ ಇಲ್ಲ! ಹೊರಗಿಂದ ನೋಡಿದ್ರೆ ಎರಡಕ್ಕೂ ವ್ಯತ್ಯಾಸ ಗೊತ್ತಾಗೋದೇ ಇಲ್ಲ. ಪುಟ ತಡವಾಗಿ ಹೋಯ್ತು, ಆದ್ರೆ ಹೋಯ್ತು.

ಮಾರನೇ ದಿನ ಮೀಟಿಂಗು. ಅಪ್‌ಗ್ರೇಡ್ ವಾಪಸ್ ತಗೊಳ್ಳಿ ಅಂತ ಒಬ್ಬರು, ಹೊಸ ಟ್ರ್ಯಾಕ್‌ಪ್ಯಾಡ್ ತರಿಸಿ ಅಂತ ಇನ್ನೊಬ್ಬರು. ಮ್ಯಾಕ್‌ನಲ್ಲಿ ಹಳೇ ಓಎಸ್‌ಗೆ ವಾಪಸ್ ಹೋಗೋದು ಅಂದ್ರೆ ಪೂರ್ತಿ ಅಳಿಸಿ ಮೊದಲಿಂದ ಕೂರಿಸ್ಬೇಕು ಅಂತ ವಿವರಿಸೋದ್ರಲ್ಲೇ ಅರ್ಧ ಮೀಟಿಂಗ್ ಹೋಯ್ತು. ಉಪಯೋಗಕ್ಕೆ ಬಂದ ಮಾತು ಬಂದಿದ್ದು ಮೀಟಿಂಗ್‌ಗೆ ಕರೆಯದೇ ಇದ್ದ ಅಕ್ಕನ ಬಾಯಿಂದ. "ನೋಡಪ್ಪಾ, ಇದು ಯಾವಾಗಂದ್ರೆ ಆವಾಗ ಬರಲ್ಲ. ಗಂಟೆಗೊಂದು ಸಲ ಬರುತ್ತೆ, ಸ್ವಲ್ಪ ಹೊತ್ತು ಕಾಡುತ್ತೆ, ಹೋಗುತ್ತೆ. ಮೊದಲನೇ ದಿನಾನೇ ಹೇಳಿದ್ದೆ ಕಣಪ್ಪಾ." ಹೌದು, ಹೇಳಿದ್ರು. ಟಿಕೆಟ್ ಫಾರ್ಮಲ್ಲಿ "ಯಾವಾಗ ಆಗುತ್ತೆ" ಅಂತ ಬರೆಯೋಕೆ ಜಾಗಾನೇ ಇಲ್ಲ! ಮಷಿನ್ ನಂಬರ್, ಓಎಸ್ ವರ್ಷನ್, ಐಪಿ ಎಲ್ಲ ಕೇಳುತ್ತೆ ಆ ಫಾರ್ಮು.

ಗಂಟೆಗೊಂದು ಸಲ ಅಂದ್ರೆ ಟೈಮ್ ಮಷಿನ್. ಅದರ ಡೀಫಾಲ್ಟ್ ಲೆಕ್ಕವೇ ಗಂಟೆಗೊಂದು ಬ್ಯಾಕಪ್. ಅಕ್ಕನ ಪಕ್ಕ ಕೂತು ಬ್ಯಾಕಪ್ ನೌ ಕೊಟ್ಟೆ. ಡಿಸ್ಕಿನ ಪುಟ್ಟ ನೀಲಿ ದೀಪ ಮಿಣುಕೋಕೆ ಶುರುವಾಗಿದ್ದೇ ತಡ, ಕರ್ಸರ್ ಮುಗ್ಗರಿಸ್ತು. ಡಿಸ್ಕನ್ನ ಕೇಬಲ್ ಸಮೇತ ಎತ್ತಿ ಮಿನಿಯಿಂದ ಆದಷ್ಟು ದೂರ ಹಿಡಿದೆ, ಸ್ವಲ್ಪ ಸರಿಯಾಯ್ತು. ವಾಪಸ್ ಇಟ್ಟೆ, ಮತ್ತೆ ಮುಗ್ಗರಿಸ್ತು. ಅಕ್ಕ "ಅಯ್ಯೋ ಶಿವನೇ, ಇದಾ" ಅಂದ್ರು.

ಇದಕ್ಕೆ ಕಾರಣ ಯುಎಸ್‌ಬಿ 3. ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಡೇಟಾ ಓಡುವಾಗ ಆ ಕೇಬಲ್ಲು, ಕನೆಕ್ಟರ್, ಡಿಸ್ಕಿನ ಡಬ್ಬಿ ಎಲ್ಲದರಿಂದ ರೇಡಿಯೋ ಗದ್ದಲ ಸೋರುತ್ತೆ, ಅದು ಬಂದು ಬೀಳೋದು ಸರಿಯಾಗಿ 2.4 ಗಿಗಾಹರ್ಟ್ಜ್ ಸುತ್ತ, ಬ್ಲೂಟೂತ್ ಇರೋ ಜಾಗದಲ್ಲೇ. ಇಂಟೆಲ್‌ನವರು 2012ರಲ್ಲೇ ಇದರ ಬಗ್ಗೆ ಅಳತೆ ಸಮೇತ ಒಂದು ವರದಿ ಹೊರತಂದಿದ್ರು. ಆಪಲ್‌ನ ಸಪೋರ್ಟ್ ಪುಟದಲ್ಲೂ ಶೀಲ್ಡ್ ಇರೋ ಕೇಬಲ್ ಬಳಸಿ, ಡಿಸ್ಕನ್ನ ದೂರ ಇಡಿ ಅಂತ ಇದೆ. ಆರ್‌ಎಸ್‌ಎಸ್‌ಐ ಚೆನ್ನಾಗಿ ಕಂಡಿದ್ದೂ ಇದಕ್ಕೇ, ಸಿಗ್ನಲ್ ಕಮ್ಮಿ ಆಗಿರಲ್ಲ, ಸುತ್ತ ಗದ್ದಲ ಜಾಸ್ತಿ ಆಗಿರುತ್ತೆ. ವೈಫೈ ಅಡ್ಡ ಬಂದ್ರೆ ಬ್ಲೂಟೂತ್ ತಪ್ಪಿಸ್ಕೊಳ್ಳುತ್ತೆ, ಅದರ 79 ಚಾನೆಲ್‌ಗಳಲ್ಲಿ ಕೆಟ್ಟದ್ದನ್ನ ಬಿಟ್ಟು ಒಳ್ಳೇದ್ರಲ್ಲಿ ಜಿಗಿದಾಡುತ್ತೆ. ಯುಎಸ್‌ಬಿ 3 ಗದ್ದಲ ಆ ಅಷ್ಟೂ ಚಾನೆಲ್ ಮೇಲೆ ಹರಡಿಕೊಳ್ಳುತ್ತೆ. ಒಂದು ಗಲ್ಲಿ ಬಂದ್ ಆದ್ರೆ ಪಕ್ಕದ ಗಲ್ಲೀಲಿ ಹೋಗ್ಬಹುದು, ಊರಿಗೂರೇ ನೀರಲ್ಲಿ ನಿಂತ್ರೆ ಎಲ್ಲಿಗೆ ಹೋಗೋದು?

ಅಂದ್ರೆ ಸೊನೋಮಾ ಏನೂ ಮಾಡಿರ್ಲಿಲ್ಲ. ಅಪ್‌ಗ್ರೇಡ್‌ಗೋಸ್ಕರ ತಂದ ಡಿಸ್ಕು ತೊಂದರೆ ಕೊಟ್ಟಿದ್ದು. ಎರಡೂ ಒಂದೇ ದಿನ ಬಂದಿದ್ರಿಂದ ಯಾರೂ ಬಿಡಿಸಿ ನೋಡ್ಲಿಲ್ಲ. ಬದಲಾವಣೆ ರಿಜಿಸ್ಟರಿನಲ್ಲಿ ಓಎಸ್ ವರ್ಷನ್ ಮಾತ್ರ ಬರೆದಿತ್ತು, ಟೇಬಲ್ ಮೇಲೆ ಹೊಸದಾಗಿ ಏನೇನು ಬಂತು ಅಂತ ಬರೆದಿರ್ಲಿಲ್ಲ. ಈಗ ಬರೆಸ್ತೀನಿ, ಹೊಸ ಹಬ್ ಆಗ್ಲಿ ಡಾಂಗಲ್ ಆಗ್ಲಿ.

ಮಾಡಿದ ರಿಪೇರಿ ಸಣ್ಣದು. ಒಂದು ಮೀಟರಿನ ಶೀಲ್ಡೆಡ್ ಕೇಬಲ್ ತರಿಸಿ ಡಿಸ್ಕನ್ನ ಟೇಬಲ್ ಕೆಳಗೆ ಇಳಿಸಿದ್ವಿ. ಸೊನೋಮಾಗಿಂತ ಹಿಂದಿನ ಓಎಸ್ ವೆಂಚುರಾದಿಂದೀಚೆಗೆ ಟೈಮ್ ಮಷಿನ್‌ನಲ್ಲಿ ಎಷ್ಟು ಹೊತ್ತಿಗೊಂದ್ಸಲ ಬ್ಯಾಕಪ್ ಅನ್ನೋದನ್ನ ನಾವೇ ಆರಿಸ್ಬಹುದು, ಅದನ್ನ ಮ್ಯಾನ್ಯುಯಲ್‌ಗೆ ಹಾಕಿ, ಬೆಳಗ್ಗೆ ಡೆಸ್ಕ್ ಖಾಲಿ ಇರೋ ಹೊತ್ತಲ್ಲಿ ಟೈಮ್ ಮಷಿನ್‌ನದ್ದೇ ಟಿಎಮ್‌ಯುಟಿಲ್ (tmutil) ಕಮ್ಯಾಂಡಿಂದ ಓಡಿಸ್ತೀವಿ. ಒರಿಜಿನಲ್ ಕೇಬಲ್‌ಗೆ ಕೆಂಪು ಟೇಪ್ ಸುತ್ತಿ ಅಕ್ಕನ ಡ್ರಾಯರ್‌ನಲ್ಲಿ ಇಟ್ಟಿದೀವಿ, ಅದನ್ನ ಯಾರೂ ಫೋನಿಗೆ ತಗೊಂಡು ಹೋಗಂಗಿಲ್ಲ. ರಿಪೋರ್ಟರ್ ಕಡೆ ಇರೋ ವಿಂಡೋಸ್ ಮಷಿನ್‌ಗಳಲ್ಲೂ ವೈರ್‌ಲೆಸ್ ಮೌಸ್ ಡಾಂಗಲ್ ಪೆನ್‌ಡ್ರೈವ್ ಪಕ್ಕದ ಪೋರ್ಟಲ್ಲೇ ಇತ್ತು, ಅದನ್ನೂ ಯುಎಸ್‌ಬಿ 2 ಪೋರ್ಟಿಗೆ ಬದಲಾಯಿಸಿದ್ವಿ, ಅಲ್ಲಿಂದ ಬರ್ತಿದ್ದ ದೂರೂ ಕಮ್ಮಿ ಆಯ್ತು.

ನಿಜವಾಗಿ ಬೇಕಾಗಿರೋದು ಸರ್ವರ್ ರೂಮಲ್ಲಿ ಒಂದು ನ್ಯಾಸ್ (NAS), ಅಂದ್ರೆ ಎಲ್ಲ ಮಷಿನ್‌ಗಳೂ ನೆಟ್‌ವರ್ಕ್ ಮೂಲಕ ಬ್ಯಾಕಪ್ ಹಾಕೋ ಡಿಸ್ಕ್ ಪೆಟ್ಟಿಗೆ. ಅಪ್‌ಗ್ರೇಡ್‌ಗೂ ಮುಂಚೆ ಕೇಳಿದ್ವಿ, ದುಬಾರಿ ಅಂತ ತಳ್ಳಿಹಾಕಿ ಡಿಸ್ಕು ಕೊಡಿಸಿದ್ರು. ಆ ರಾತ್ರಿ ಪುಟ ತಡ ಆಗಿ ಸಿಟಿ ಪೇಪರಿನ ಗಾಡಿಗಳು ಎಷ್ಟು ಹೊತ್ತು ಪ್ರೆಸ್ ಅಂಗಳದಲ್ಲೇ ನಿಂತಿದ್ವು ಅನ್ನೋ ಲೆಕ್ಕಾನ ಸರ್ಕ್ಯುಲೇಷನ್‌ನಿಂದ ಬರೆಸ್ಕೊಂಡು ಹೊಸ ಕೊಟೇಷನ್ ಜೊತೆ ಲಗತ್ತಿಸಿ ಕಳ್ಸಿದೀನಿ. ಫೈಲು ಪರ್ಚೇಸ್‌ನವರ ಟೇಬಲ್ ಮೇಲಿದೆ.