ಡಬ್ಬಿಯೊಳಗಿನ ಹನ್ನೊಂದು ಗುಂಡುಗಳು

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ತಗಡಿನ ಡಬ್ಬಿ ಇದೆ. ಹಿಂದೆ ಯಾವಾಗಲೋ ಏರ್‌ಗನ್ನಿನ ಚರೆ ತುಂಬಿಕೊಂಡು ಬಂದಿದ್ದ ಡಬ್ಬಿ. ಈಗ ಅದರಲ್ಲಿ ಹನ್ನೊಂದು ಗುಂಡುಗಳಿವೆ. ಒಂದೊಂದನ್ನೂ ಬೇರೆ ಬೇರೆ ಕಾಗದದ ಚೂರಿನಲ್ಲಿ ಸುತ್ತಿಟ್ಟಿದ್ದೇನೆ. ಕಾಗದದ ಮೇಲೆ ಪೆನ್ಸಿಲಿನಲ್ಲಿ ನಾಲ್ಕೇ ವಿಷಯ: ಯಾವ ಪ್ರಾಣಿ, ಎಷ್ಟು ಗಜ, ಹೊರಟಾಗ ಎಷ್ಟು ತೂಕ, ಸಿಕ್ಕಾಗ ಎಷ್ಟು ತೂಕ. ಎಲ್ಲವೂ ಚರ್ಮ ಸುಲಿಯುವಾಗಲೋ ಮಾಂಸ ಬಿಡಿಸುವಾಗಲೋ ಚಾಕುವಿಗೆ ತಗುಲಿದವು.

ಬೇಟೆಗೆ ಹೊಸದಾಗಿ ಇಳಿದವರು ಸಿಕ್ಕಿದರೆ ಮೊದಲು ಕೇಳುವುದು "ಯಾವ ರೈಫಲ್ಲು?" ಅಂತ. ಆಮೇಲೆ ದುರ್ಬೀನಿನ ಮಾತು. ಪ್ರಾಣಿಯನ್ನು ನಿಜವಾಗಿ ಮುಟ್ಟುವುದು ರೈಫಲ್ಲೂ ಅಲ್ಲ, ದುರ್ಬೀನೂ ಅಲ್ಲ, ತೋಟಾದ ತುದಿಯಲ್ಲಿ ಕೂತಿರುವ ಹತ್ತು ಹನ್ನೆರಡು ಗ್ರಾಂ ಲೋಹ. ಅದರ ಬಗ್ಗೆ ಕೇಳುವವರು ಕಡಿಮೆ. ನಾನೂ ಕೇಳಿರಲಿಲ್ಲ.

ಪರವಾನಗಿ ಕೈಗೆ ಬಂದ ಮೊದಲ ಸೀಸನ್ನು. ಪ್ರಾಣಿ ಎಲ್ಕ್. ಕಡವೆಯ ದಾಯಾದಿ ಅನ್ನಿ, ಗಂಡು ಮುನ್ನೂರು ಕಿಲೋ ಸುಲಭವಾಗಿ ತೂಗುತ್ತದೆ. ನನ್ನ ಕೈಯಲ್ಲಿ .30-06 ಅಳತೆಯ ರೈಫಲ್ಲು, ಅದರೊಳಗೆ 150 ಗ್ರೇನಿನ ಸಾದಾ ಗುಂಡು. ಸೀಸದ ತಿರುಳು, ಮೇಲೆ ತೆಳ್ಳನೆಯ ತಾಮ್ರದ ಅಂಗಿ, ಅಷ್ಟೆ. ಒಂದು ಗ್ರಾಮಿಗೆ ಹದಿನೈದೂವರೆ ಗ್ರೇನಿನ ಲೆಕ್ಕದಲ್ಲಿ ಒಂಬತ್ತು ಮುಕ್ಕಾಲು ಗ್ರಾಂ. ಅದನ್ನು ಯಾಕೆ ಆರಿಸಿದೆ ಅಂದರೆ, ನೂರು ಗಜದಲ್ಲಿ ಕಾಗದದ ಮೇಲೆ ಮೂರು ತೂತೂ ಒಂದು ಇಂಚಿನೊಳಗೆ ಬಿದ್ದಿದ್ದವು. ವೇಗವೂ ಜಾಸ್ತಿ, ಸೆಕೆಂಡಿಗೆ 2,900 ಅಡಿ. ಇನ್ನೇನು ಬೇಕು ಅಂದುಕೊಂಡೆ. ಕಾಗದಕ್ಕೆ ಮೂಳೆ ಇರುವುದಿಲ್ಲ ಅನ್ನೋದು ಹೊಳೆಯಲಿಲ್ಲ.

ಅರವತ್ತು ಗಜ ದೂರದಲ್ಲಿ, ನನ್ನ ಕಡೆಗೆ ಓರೆಯಾಗಿ ನಿಂತಿತ್ತು. ಈಡು ಬಿತ್ತು. ಮುಗ್ಗರಿಸಿತು, ಎದ್ದಿತು, ಮೂರು ಕಾಲಿನಲ್ಲಿ ಮರಗಳ ನಡುವೆ ಮಾಯವಾಯಿತು. ನಿಂತಿದ್ದ ಜಾಗದಲ್ಲಿ ಒಂದು ಹಿಡಿ ಕೂದಲು, ಎಲೆಯ ಮೇಲೆ ನಾಲ್ಕೈದು ಹನಿ ರಕ್ತ. ಐವತ್ತು ಹೆಜ್ಜೆ ಆದ ಮೇಲೆ ಅದೂ ಇಲ್ಲ. ಐದು ಗಂಟೆ ಹುಡುಕಿದೆವು. ಕೊನೆಗೆ ಒಂದು ಹಳ್ಳದ ಬದಿಯಲ್ಲಿ ಮಲಗಿತ್ತು. ಸತ್ತಿರಲಿಲ್ಲ. ತಲೆ ಎತ್ತಿ ನಮ್ಮನ್ನೇ ನೋಡುತ್ತಿತ್ತು. ಎರಡನೇ ಈಡು ಹೊಡೆದೆ. ಆ ಐದು ಗಂಟೆ ಅದು ಏನು ಅನುಭವಿಸಿತು ಅನ್ನೋದನ್ನು ಬರೆಯುವಷ್ಟು ಧೈರ್ಯ ನನಗೆ ಇವತ್ತಿಗೂ ಇಲ್ಲ.

ಸುಲಿಯುವಾಗ ಕಾರಣ ಸಿಕ್ಕಿತು. ಹೆಗಲಿನ ಮೇಲೆ ಅಂಗೈ ಅಗಲದ ಗಾಯ, ಆಳ ಮಾತ್ರ ನಾಲ್ಕು ಬೆರಳು. ಗುಂಡು ಹೆಗಲಿನ ಮೂಳೆಗೆ ಬಡಿದು ಅಲ್ಲೇ ಚಿಂದಿಯಾಗಿತ್ತು. ತಾಮ್ರದ ಅಂಗಿ ಒಂದು ಕಡೆ, ಸೀಸ ಪುಡಿಪುಡಿಯಾಗಿ ಇನ್ನೊಂದು ಕಡೆ. ಸಿಕ್ಕ ದೊಡ್ಡ ಚೂರನ್ನು ಕೋವಿಮದ್ದು ತೂಗುವ ತಕ್ಕಡಿಗೆ ಹಾಕಿದರೆ 38 ಗ್ರೇನ್. ಉಳಿದ 112 ಗ್ರೇನ್ ಮಾಂಸದಲ್ಲಿ ಹರಡಿಹೋಗಿತ್ತು. ಎದೆಗೂಡಿಗೆ ಏನೂ ತಲುಪಿರಲೇ ಇಲ್ಲ. ಗುಂಡು ಹೋಗಬೇಕಾದ್ದು ಗುಂಡಿಗೆಗೆ, ನನ್ನದು ಬಾಗಿಲಲ್ಲೇ ನಿಂತಿತ್ತು.

ನಮ್ಮ ಗುಂಪಿನ ಹಿರಿಯರು ಚೂರನ್ನು ಬೆರಳಲ್ಲಿ ಹೊರಳಿಸಿ ನೋಡಿ ಹೇಳಿದ್ದು ಇಷ್ಟೇ: "ಕೋವಿ ಸರಿ ಇತ್ತು ಮಾರಾಯ, ಕಣ್ಣೂ ಸರಿ ಇತ್ತು. ಒಳಗೆ ತುಂಬಿಸಿದ್ದು ಸರಿ ಇರ್ಲಿಲ್ಲ."

ಡಬ್ಬಿಯ ಮೊದಲ ಕಾಗದ ಅದು.

ಆಗ ನನಗೆ ಅರ್ಥವಾಗದೆ ಇದ್ದದ್ದು, ಹತ್ತಿರದ ಈಡೇ ಗುಂಡಿಗೆ ಹೆಚ್ಚು ಕಷ್ಟ ಅನ್ನುವ ಸಂಗತಿ. ಎಲ್ಲರಿಗೂ ದೂರದ ಭಯ. ಆದರೆ ಅರವತ್ತು ಗಜದಲ್ಲಿ ಗುಂಡಿನ ವೇಗ ಹೆಚ್ಚೇನೂ ಇಳಿದಿರುವುದಿಲ್ಲ. ಆ ವೇಗದಲ್ಲಿ ಮೂಳೆಗೆ ಬಡಿದಾಗ ತೆಳು ಅಂಗಿಯ ಗುಂಡು ತಡೆದುಕೊಳ್ಳುವುದಿಲ್ಲ. ಅದೇ ಗುಂಡು ಇನ್ನೂರೈವತ್ತು ಗಜದಲ್ಲಿ, ಪಕ್ಕೆಲುಬುಗಳ ನಡುವೆ ಹೋಗಿದ್ದರೆ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತೇನೋ. ಸಣ್ಣ ಜಿಂಕೆಗೆ ಅದು ಇವತ್ತಿಗೂ ಒಳ್ಳೆಯ ಗುಂಡು. ಅದರದ್ದೇನೂ ತಪ್ಪಿಲ್ಲ. ಎಲ್ಕ್‌ಗೆ ಅದನ್ನು ತುಂಬಿಸಿದವನು ನಾನು.

ಬೇಟೆಯ ಗುಂಡಿಗೆ ನಾವು ಒಪ್ಪಿಸುವ ಎರಡು ಕೆಲಸಗಳು ಒಂದಕ್ಕೊಂದು ವಿರುದ್ಧ. ಒಳಗೆ ಹೋದ ಮೇಲೆ ಹೂವಿನ ಹಾಗೆ ಅರಳಬೇಕು, ಇಲ್ಲದಿದ್ದರೆ ಸೂಜಿ ಚುಚ್ಚಿದ ಹಾಗೆ ತೂರಿಹೋಗುತ್ತದೆ. ಆದರೆ ಅರಳುವ ಭರದಲ್ಲಿ ಒಡೆಯಬಾರದು. ಅರಳುವ ವಿದ್ಯೆಗೆ ಕುಪ್ರಸಿದ್ಧ ಹೆಸರು ಬಂದದ್ದು ಕಲ್ಕತ್ತಾದ ಪಕ್ಕದ ಡಂಡಂ ಶಸ್ತ್ರಾಗಾರದಿಂದ. 1890ರ ದಶಕದಲ್ಲಿ ಅಲ್ಲಿ ಮೂತಿಯ ಸೀಸವನ್ನು ಬಿಟ್ಟು ಅಂಗಿ ತೊಡಿಸಿದ ಗುಂಡು ಮಾಡಿದರು. 1899ರ ಹೇಗ್ ಘೋಷಣೆ ಅಂಥದ್ದನ್ನು ಯುದ್ಧದಲ್ಲಿ ನಿಷೇಧಿಸಿತು. ಬೇಟೆಯಲ್ಲಿ ಲೆಕ್ಕ ತಿರುಗುಮುರುಗು. ಜಿಂಕೆ ಜಾತಿಯ ಪ್ರಾಣಿಗೆ ಅರಳುವ ಗುಂಡನ್ನೇ ಬಳಸಬೇಕು, ಪೂರ್ತಿ ಅಂಗಿಯ ಸೈನ್ಯದ ಗುಂಡು ಕೂಡದು ಅಂತ ಎಷ್ಟೋ ಕಡೆ ಕಾಯಿದೆಯೇ ಇದೆ. ಮೊದಲು ಕೇಳಿದಾಗ ವಿಚಿತ್ರ ಅನ್ನಿಸಿತ್ತು. ಆ ಎಲ್ಕ್ ಕಣ್ಣು ನೋಡಿದ ಮೇಲೆ ಅನ್ನಿಸಲಿಲ್ಲ. ಇಲ್ಲಿ ಗಾಯ ಮಾಡಿ ಬಿಡುವುದೇ ಪಾಪ.

ಒಡೆಯದೆ ಅರಳಿಸುವುದು ಹೇಗೆ ಅನ್ನುವುದಕ್ಕೆ ನನಗಿಂತ ಮೊದಲು ತಲೆ ಕೆಡಿಸಿಕೊಂಡವರು ಬೇಕಾದಷ್ಟು ಜನ. ಅಮೆರಿಕದ ಬೇಟೆಗಾರ ಜಾನ್ ನೋಸ್ಲರ್ ಕತೆ ನನ್ನ ಕತೆಯ ಅಣ್ಣನ ಹಾಗಿದೆ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಆತ ಮೂಸ್ ಬೇಟೆಗೆ ಹೋಗಿದ್ದ, ಎಲ್ಕ್‌ಗಿಂತಲೂ ದೊಡ್ಡ ಜಿಂಕೆ ಜಾತಿ ಅದು. ಕೈಯಲ್ಲಿ .300 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಂ, ಭಾರಿ ವೇಗ. ಗುಂಡುಗಳು ಒಳಗೆ ಇಳಿಯದೆ ಮೇಲುಮೇಲೆಯೇ ಒಡೆದವು. ಮನೆಗೆ ಬಂದು ಆತ ಗುಂಡಿನ ನಡುವೆ ತಾಮ್ರದ ಒಂದು ಅಡ್ಡಗೋಡೆ ಇಟ್ಟ. ಮುಂದಿನ ಕೋಣೆಯ ಸೀಸ ಅರಳುತ್ತದೆ, ಒಡೆದರೂ ಒಡೆಯಲಿ. ಹಿಂದಿನ ಕೋಣೆ ಗೋಡೆಯ ಮರೆಯಲ್ಲಿ ಹಾಗೇ ಉಳಿದು ಮುಂದಕ್ಕೆ ನುಗ್ಗುತ್ತದೆ. 1948ರಲ್ಲಿ ಪಾರ್ಟಿಷನ್ ಅನ್ನುವ ಹೆಸರಿನಲ್ಲಿ ಮಾರಾಟಕ್ಕೆ ಬಂದ ಆ ಗುಂಡು ಇವತ್ತಿಗೂ ಸಿಗುತ್ತದೆ. ಡಬ್ಬಿಯಲ್ಲಿ ಎರಡು ಇವೆ, 180 ಗ್ರೇನಿನವು. ಒಂದು 121, ಇನ್ನೊಂದು 126 ಗ್ರೇನ್ ಉಳಿಸಿಕೊಂಡಿವೆ. ಮೂತಿ ಹರಿದು ಹಿಂದಕ್ಕೆ ಮಡಚಿಕೊಂಡಿದೆ, ಕೆಳಗಿನ ಅರ್ಧ ಪೆಟ್ಟಿಗೆಯಿಂದ ಈಗ ತೆಗೆದ ಹಾಗೆ ನೆಟ್ಟಗಿದೆ. ಬೆರಳಲ್ಲಿ ಹಿಡಿದು ನೋಡಿದರೆ ಎರಡು ಬೇರೆ ಗುಂಡುಗಳನ್ನು ಅಂಟಿಸಿದಂತೆ ಕಾಣುತ್ತದೆ.

ಇನ್ನೊಂದು ದಾರಿ ಸೀಸವನ್ನು ಅಂಗಿಗೆ ಬೆಸುಗೆ ಹಾಕಿಬಿಡುವುದು. ಬಾಂಡೆಡ್ ಅನ್ನುತ್ತಾರೆ. ಅಂಗಿ ಕಳಚುವುದಿಲ್ಲ. ಹತ್ತಿರ, ದೂರ ಎರಡಕ್ಕೂ ಹೊಂದಿಕೊಳ್ಳುವ ಸಂಭಾವಿತ ಗುಂಡು. ಅದರ ಬಗ್ಗೆ ಹೇಳಲು ನನ್ನ ಹತ್ತಿರ ದೂರೇ ಇಲ್ಲ, ಹಾಗಾಗಿ ಕತೆಯೂ ಇಲ್ಲ.

ಮೂರನೆಯದು ಸೀಸವೇ ಇಲ್ಲದ ಗುಂಡು, ಇಡಿಯಾಗಿ ತಾಮ್ರ. ಬಾರ್ನ್ಸ್ ಕಂಪನಿಯ ಎಕ್ಸ್ ಬುಲೆಟ್ 1989ರಲ್ಲಿ ಬಂದ ಮೇಲೆ ಈ ಜಾತಿ ಬೆಳೆಯಿತು. ಮೂತಿಯಲ್ಲಿ ಒಂದು ತೂತು, ಬಡಿದಾಗ ನಾಲ್ಕು ದಳ ಬಿಚ್ಚಿಕೊಳ್ಳುತ್ತದೆ. ತೂಕ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ. ನಾನು ಇದಕ್ಕೆ ಬದಲಾದದ್ದು ಯಾವ ಲೆಕ್ಕಾಚಾರದಿಂದಲೂ ಅಲ್ಲ. ಒಂದು ಸಂಜೆ ಊಟಕ್ಕೆ ಕೂತಿದ್ದಾಗ ಮಗಳು ಬಾಯಿಂದ ಏನನ್ನೋ ತೆಗೆದು ತಟ್ಟೆಯ ಅಂಚಿನಲ್ಲಿಟ್ಟಳು. "ಅಪ್ಪಾ, ಕಲ್ಲು." ಎತ್ತಿ ನೋಡಿದೆ. ರಾಗಿಕಾಳಿಗಿಂತ ಸ್ವಲ್ಪ ದೊಡ್ಡದು, ಬೂದು ಬಣ್ಣ, ಉಗುರಿನಲ್ಲಿ ಒತ್ತಿದರೆ ಗೆರೆ ಬಿತ್ತು. ಕಲ್ಲಲ್ಲ, ಸೀಸ. ಗಾಯದಿಂದ ಒಂದು ಗೇಣು ದೂರದ ಮಾಂಸ ಅದು, ನಾನೇ ಶುಚಿ ಮಾಡಿದ್ದು. ಒಡೆಯುವ ಗುಂಡಿನ ಕಣಗಳು ಕಣ್ಣಿಗೆ ಕಾಣುವ ಗಾಯದಿಂದ ಎಷ್ಟೋ ದೂರ ಹೋಗಿರುತ್ತವೆ, ಎಕ್ಸ್‌ರೇ ತೆಗೆದರೆ ನಕ್ಷತ್ರ ಚೆಲ್ಲಿದ ಹಾಗೆ ಕಾಣುತ್ತದೆ. ಕಾಡಿನಲ್ಲಿ ಬಿಟ್ಟುಬಂದ ಕರುಳು ತಿನ್ನುವ ಹದ್ದುಗಳ ಪಾಡೂ ಅದೇ. ಕಾಂಡೋರ್ ಅನ್ನುವ ರಣಹದ್ದುಗಳು ಸೀಸದ ವಿಷಕ್ಕೆ ಸಾಯುತ್ತಿದ್ದ ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಲ್ಲಿಸಿದ್ದಾರೆ. ಆ ಕಾಯಿದೆ ನನಗೆ ಅನ್ವಯಿಸಲಿ ಬಿಡಲಿ, ಮಗಳ ತಟ್ಟೆ ಸಾಕಾಯಿತು.

ಹಾಗಂತ ತಾಮ್ರ ಸರ್ವರೋಗಕ್ಕೂ ಮದ್ದಲ್ಲ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ತಾಮ್ರದ್ದು 8.9. ಅದೇ ತೂಕಕ್ಕೆ ತಾಮ್ರದ ಗುಂಡು ಉದ್ದವಾಗುತ್ತದೆ. ಉದ್ದದ ಗುಂಡು ಗಾಳಿಯಲ್ಲಿ ನೆಟ್ಟಗಿರಬೇಕಾದರೆ ಹೆಚ್ಚು ಗಿರಕಿ ಬೇಕು, ಅಂದರೆ ನಳಿಗೆಯ ಒಳಗಿನ ಸುರುಳಿ ಬಿಗಿಯಾಗಿರಬೇಕು. ಅದಕ್ಕೇ ಸೀಸದಲ್ಲಿ 180 ಹಾರಿಸುತ್ತಿದ್ದವನು ತಾಮ್ರದಲ್ಲಿ 165ಕ್ಕೆ ಇಳಿದೆ. ಒಡೆದು ತೂಕ ಕಳೆದುಕೊಳ್ಳುವುದಿಲ್ಲವಾದ್ದರಿಂದ ನಷ್ಟವೇನೂ ಆಗಲಿಲ್ಲ. ಇನ್ನೊಂದು, ಗಟ್ಟಿ ತಾಮ್ರ ಅರಳಬೇಕಾದರೆ ವೇಗ ಬೇಕು. ಸೆಕೆಂಡಿಗೆ 2,000 ಅಡಿಗಿಂತ ಕೆಳಗಿಳಿದರೆ ನಾನು ನಂಬುವುದಿಲ್ಲ. ಈ ಪಾಠವನ್ನೂ ಪುಸ್ತಕದಿಂದ ಕಲಿಯಲಿಲ್ಲ. ಸ್ನೇಹಿತನ ಮೊಟಕು ನಳಿಗೆಯ .308 ರೈಫಲ್ಲು ತೆಗೆದುಕೊಂಡು ಹೋಗಿ 320 ಗಜಕ್ಕೆ ಹೊಡೆದೆ. ಮೊಟಕು ನಳಿಗೆಯಿಂದ ಹೊರಡುವಾಗಲೇ ವೇಗ ಕಡಿಮೆ, ಅಷ್ಟು ದೂರಕ್ಕೆ ಇನ್ನೂ ಇಳಿದಿತ್ತು. ಒಳಗೆ ಹೋದ ತೂತು ಪೆನ್ಸಿಲಿನಷ್ಟು, ಹೊರಗೆ ಬಂದದ್ದೂ ಪೆನ್ಸಿಲಿನಷ್ಟೇ. ಶ್ವಾಸಕೋಶ ಎರಡೂ ತೂತಾಗಿದ್ದರಿಂದ ಇನ್ನೂರು ಹೆಜ್ಜೆಯಲ್ಲಿ ಬಿತ್ತು, ನನ್ನ ಪುಣ್ಯ. ಈಗ ಯಾವುದೇ ಪೆಟ್ಟಿಗೆ ತಂದರೂ ಮೊದಲು ನೋಡುವುದು ಆ ಗುಂಡು ಅರಳಲು ಬೇಕಾದ ಕನಿಷ್ಠ ವೇಗ. ನನ್ನ ರೈಫಲ್ಲಿನಿಂದ ಅದು ಎಷ್ಟು ಗಜದವರೆಗೆ ಉಳಿಯುತ್ತದೆ ಅಂತ ಲೆಕ್ಕ ಹಾಕಿ, ಆ ಅಂಕಿಯನ್ನು ಹಿಡಿಕೆಗೆ ಅಂಟಿಸಿದ ಟೇಪಿನ ಮೇಲೆ ಬರೆಯುತ್ತೇನೆ. ಅದರಾಚೆ ನಿಂತ ಪ್ರಾಣಿಗೆ ಕೈಮುಗಿಯುತ್ತೇನೆ.

ಗುಂಡು ಆಳಕ್ಕೆ ಇಳಿಯುವುದರಲ್ಲಿ ತೂಕ ಒಂದೇ ಅಲ್ಲ, ದಪ್ಪಕ್ಕೆ ತಕ್ಕ ತೂಕ ಮುಖ್ಯ. ತೂಕವನ್ನು ಪೌಂಡಿನಲ್ಲಿ ಹಿಡಿದು ಇಂಚಿನ ವ್ಯಾಸದ ವರ್ಗದಿಂದ ಭಾಗಿಸುತ್ತಾರೆ. .308 ಇಂಚಿನ 150 ಗ್ರೇನ್ ಗುಂಡಿಗೆ 0.226 ಬರುತ್ತದೆ, 180ಕ್ಕೆ 0.271. ಈ ಮಾತು ಬಂದ ಕೂಡಲೇ ಯಾರಾದರೊಬ್ಬರು ಕರಮೋಜೊ ಬೆಲ್ ಹೆಸರು ತೆಗೆದೇ ತೆಗೆಯುತ್ತಾರೆ. ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಆನೆ ಹೊಡೆದವನು, ಬಹುಪಾಲು ಸಣ್ಣ 7 ಮಿಲಿಮೀಟರ್ ಕೋವಿಯಲ್ಲಿ. ಹಾಗಾಗಿ ಸಣ್ಣ ಕೋವಿ ಸಾಕು ಅನ್ನುವ ವಾದ. ಈ ವಾದ ಕೇಳಿದರೆ ನನಗೆ ರೇಗುತ್ತದೆ. ಅವನು ಹಾರಿಸಿದ್ದು 173 ಗ್ರೇನಿನ ಉದ್ದನೆಯ, ಅರಳದ ಗಟ್ಟಿ ಗುಂಡು. ಮೇಲಿನ ಲೆಕ್ಕದಲ್ಲಿ ಅದು 0.3 ದಾಟುತ್ತದೆ. ಮೇಲಾಗಿ ಮಿದುಳು ಎಲ್ಲಿದೆ ಅಂತ ತಿಳಿಯಲು ಆನೆಯ ತಲೆಬುರುಡೆಯನ್ನು ಗರಗಸದಲ್ಲಿ ಸೀಳಿಸಿ ನೋಡಿದ್ದ. ನಾವು ಅದನ್ನೆಲ್ಲ ಬಿಟ್ಟು ಕೋವಿಯ ನಂಬರನ್ನು ಮಾತ್ರ ಎತ್ತಿಕೊಳ್ಳುತ್ತೇವೆ.

ನನ್ನ ಡಬ್ಬಿಯ ಮರ್ಮ ಬಯಲಾದದ್ದೂ ಹಿರಿಯರಿಂದಲೇ. ಒಂದು ದಿನ ಹನ್ನೊಂದನ್ನೂ ಸಾಲಾಗಿ ಜೋಡಿಸಿ, ಯಾವುದು ಎಷ್ಟು ಚೆನ್ನಾಗಿ ಅರಳಿದೆ ನೋಡಿ ಅಂತ ಜಂಬದಿಂದ ತೋರಿಸುತ್ತಿದ್ದೆ. ಅವರು ಕನ್ನಡಕ ಏರಿಸಿಕೊಂಡು ಒಂದೊಂದೇ ನೋಡಿದರು.

"ಇವೆಲ್ಲ ಒಳಗೇ ನಿಂತವು, ಅಲ್ವೇನೋ?"

"ಹೌದು. ಅದಕ್ಕೇ ತಾನೇ ಸಿಕ್ಕಿದ್ದು."

"ಹಾಗಾದ್ರೆ ಆಚೆ ಹೋದವು ಎಲ್ಲಿ?"

ಸುಮ್ಮನಾದೆ. ಆವತ್ತಿಗೆ ನಾನು ಹೊಡೆದದ್ದು ಇಪ್ಪತ್ತಾರು ಪ್ರಾಣಿ. ಹದಿನೈದು ಗುಂಡುಗಳು ಆಚೆ ಪಕ್ಕೆಯಿಂದ ಹೊರಬಿದ್ದು ಮಣ್ಣಿನಲ್ಲೋ ಮರದ ಬುಡದಲ್ಲೋ ಹೂತುಹೋಗಿವೆ. ಟಿಪ್ಪಣಿ ಪುಸ್ತಕ ತೆಗೆದು ನೋಡಿದರೆ ಆ ಹದಿನೈದರಲ್ಲಿ ಹದಿಮೂರು ಪ್ರಾಣಿಗಳು ಅರವತ್ತು ಹೆಜ್ಜೆಯೊಳಗೆ ಬಿದ್ದಿದ್ದವು. ಹೆಚ್ಚು ಅಲೆದಾಡಿಸಿದವೆಲ್ಲ ಡಬ್ಬಿಯ ಪಾಲಿನವು. ಇಷ್ಟು ವರ್ಷ ನಾನು ನಿಂತುಹೋದ ಗುಂಡುಗಳನ್ನು ತೂಗಿ ತೂಗಿ ಗುಂಡು ಆರಿಸುವುದನ್ನು ಕಲಿಯುತ್ತಿದ್ದೆ.

ಗುಂಡು ಒಳಗೇ ನಿಂತರೆ ತನ್ನ ಶಕ್ತಿಯನ್ನೆಲ್ಲ ಅಲ್ಲೇ ಸುರಿಯುತ್ತದೆ, ಅದೇ ಒಳ್ಳೆಯದು ಅಂತ ವಾದಿಸುವವರಿದ್ದಾರೆ. ಸಣ್ಣ ಪ್ರಾಣಿಗೆ ಇರಬಹುದು. ದೊಡ್ಡದಕ್ಕೆ ನನಗೆ ಎರಡು ತೂತು ಬೇಕು. ಮರದ ಮೇಲಿನ ಮಚಾನಿನಿಂದಲೋ ಗುಡ್ಡದ ಮೇಲಿಂದಲೋ ಹೊಡೆದರೆ ಒಳಗೆ ಹೋದ ತೂತು ಎತ್ತರದಲ್ಲಿರುತ್ತದೆ, ರಕ್ತವೆಲ್ಲ ಎದೆಗೂಡಿನೊಳಗೇ ತುಂಬಿಕೊಳ್ಳುತ್ತದೆ, ನೆಲಕ್ಕೆ ಬೀಳುವುದಿಲ್ಲ. ಕೆಳಗೆ ಇನ್ನೊಂದು ತೂತಿದ್ದರೆ ಮಳೆ ಹನಿಯುತ್ತಿದ್ದರೂ ಜಾಡು ಸಿಗುತ್ತದೆ. ಆಚೆ ಹೋಗುವ ಗುಂಡಿನಿಂದ ಒಂದು ಅಪಾಯ, ಹಿಂದೆ ಇನ್ನೊಂದು ಪ್ರಾಣಿ ನಿಂತಿದ್ದರೆ ಅದಕ್ಕೂ ತಗುಲುತ್ತದೆ. ಹಿಂಡು ಸರಿಯುವವರೆಗೆ ಕಾಯದೆ ಬೇರೆ ದಾರಿಯಿಲ್ಲ. ಕಾದು ಕಾದು ಬರಿಗೈಲಿ ಬಂದದ್ದೂ ಉಂಟು.

ಈ ಸಲ ಹೊಸ ಪೆಟ್ಟಿಗೆ ತಂದಿದ್ದೇನೆ, ಮತ್ತೆ 165 ಗ್ರೇನಿನ ತಾಮ್ರ, ಬೇರೆ ಕಂಪನಿಯದು. ಕಾಡಿಗೆ ಹೋಗುವ ಮೊದಲು ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನುಗಳನ್ನು ಸಾಲಾಗಿಟ್ಟು ಹೊಡೆದು ನೋಡಿದೆ. ಹಳೆಯ ಸಾದಾ ಗುಂಡು ಮೂರನೇ ಕ್ಯಾನಿನಲ್ಲೇ ಚೂರಾಗಿ ಉಳಿದಿತ್ತು. ಇದು ಆರನೆಯದರಲ್ಲಿ ಸಿಕ್ಕಿತು, ನಾಲ್ಕೂ ದಳ ಗಟ್ಟಿಯಾಗಿದ್ದವು, 163 ಗ್ರೇನ್. ನೀರು ಮೂಳೆಯಲ್ಲ ಅನ್ನೋದು ಈಗ ಗೊತ್ತಿದೆ, ಆದರೂ ಒಂದು ಅಂದಾಜು ಸಿಗುತ್ತದೆ. ಗುಂಡು ಬದಲಾದರೆ ಗುರಿಯೂ ಬದಲಾಗುತ್ತದೆ. ಅದೇ ತೂಕ, ಅದೇ ರೈಫಲ್ಲು, ಆದರೂ ಹಳೆಯದಕ್ಕಿಂತ ಎರಡು ಇಂಚು ಕೆಳಗೆ, ಸ್ವಲ್ಪ ಎಡಕ್ಕೆ ಬೀಳುತ್ತಿದೆ. ಇಪ್ಪತ್ತರ ಪೆಟ್ಟಿಗೆಯಲ್ಲಿ ಇನ್ನು ಹದಿಮೂರು ಉಳಿದಿವೆ. ನಳಿಗೆಯಲ್ಲಿ ಮೆತ್ತಿದ ತಾಮ್ರ ಉಜ್ಜಿ ತೆಗೆದು, ಶನಿವಾರ ಮತ್ತೆ ರೇಂಜಿಗೆ ಹೋಗಬೇಕು.