ಉಂಗುರದ ಮೇಲಿನ ಗೆರೆಗಳು

ಎಂ87 ಗ್ಯಾಲಕ್ಸಿಯ ಕಪ್ಪುಕುಳಿಯನ್ನು ಧ್ರುವೀಕೃತ ಬೆಳಕಿನಲ್ಲಿ (ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕಿನಲ್ಲಿ) ತೋರಿಸುವ, 2021ರಲ್ಲಿ ಪ್ರಕಟವಾದ ಚಿತ್ರವನ್ನು ಇಂದು ಮತ್ತೆ ತೆರೆದೆ. ಕುಳಿಯ ಸುತ್ತ ಹೊಳೆಯುವ ಉಂಗುರದ ಮೇಲೆ ಬಾಚಿದಂತೆ ಸುತ್ತಿಕೊಂಡಿರುವ ಸಣ್ಣ ಗೆರೆಗಳಿಂದ ಕಣ್ಣು ಕೀಳಲಾಗಲಿಲ್ಲ.

ಅವು ಕಾಂತಕ್ಷೇತ್ರ ಬಿಟ್ಟ ಗುರುತುಗಳು.

ತಿರುಗುವ ಕಪ್ಪುಕುಳಿಯ ಶಕ್ತಿಯನ್ನು ಕಾಂತಕ್ಷೇತ್ರವು ಹೊರಸೆಳೆಯಬಲ್ಲದೆಂದು ಖಭೌತವಿಜ್ಞಾನಿಗಳಾದ ಬ್ಲಾಂಡ್‌ಫೋರ್ಡ್ ಮತ್ತು ಜ್ನಾಯೆಕ್ 1977ರಲ್ಲೇ ತೋರಿಸಿದ್ದರು. ಬಲರೇಖೆಗಳು ಹಗ್ಗ ಹೊಸೆದಂತೆ ತಿರುಚಿಕೊಳ್ಳುತ್ತವೆ, ಅವುಗಳ ಒತ್ತಡ ಪ್ಲಾಸ್ಮಾವನ್ನು, ಅಂದರೆ ವಿದ್ಯುದಾವೇಶದ ಕಣಗಳ ಬಿಸಿ ಅನಿಲವನ್ನು, ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಸಾಗುವ ಕಿರಿದಾದ ಧಾರೆಯಾಗಿ, ‘ಜೆಟ್’ ಆಗಿ, ಹೊರಕ್ಕೆ ತಳ್ಳುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೊಂದು ಸಂಗತಿ: ಆ ವೇಗ ಬುಡದಲ್ಲೇ, ಒಮ್ಮೆಲೇ ದೊರೆಯುವುದಿಲ್ಲ. ಜೆಟ್ ಮುಂದೆ ಸಾಗುತ್ತ ಅಗಲವಾದಂತೆ, ಬಲರೇಖೆಗಳು ಒಂದರಿಂದೊಂದು ದೂರ ಸರಿದಂತೆ, ಕಾಂತಕ್ಷೇತ್ರ ಹೊತ್ತು ತಂದ ಶಕ್ತಿ ಸ್ವಲ್ಪಸ್ವಲ್ಪವಾಗಿ ಚಲನೆಯಾಗಿ ಮಾರ್ಪಡುತ್ತದೆ. ಬೆಳಕಿನ ವೇಗವನ್ನು ಸಮೀಪಿಸಿದಷ್ಟೂ ಮುಂದಿನ ಪ್ರತಿ ಹೆಚ್ಚಳಕ್ಕೆ ಇನ್ನಷ್ಟು ಶಕ್ತಿ ಬೇಕಾಗುತ್ತದೆ.

ಸುಮಾರು 5.5 ಕೋಟಿ ಜ್ಯೋತಿರ್ವರ್ಷಗಳ ಆಚೆಯಿಂದ ಬಂದ ಆ ಗೆರೆಗಳನ್ನು ಇನ್ನೂ ನೋಡುತ್ತಿದ್ದೇನೆ.